ಗ್ರಂಥಾಲಯದ ಆ ಅಣ್ಣನಿಗೆ

ಬಿ.ಎಡ್. ಕೊನೇ ಪರೀಕ್ಷೆ ಮುಗಿದ ಮರುದಿನವೇ ಚಿಕ್ಕಮಗಳೂರಿನ ಗ್ರಂಥಾಲಯಕ್ಕೆ ಹೋದೆ. ಎರಡು ವರ್ಷ, 4 ಸೆಮಿಸ್ಟರ್. ಶಾಲೆಯಲ್ಲಿ 16 ವಾರ ಪಾಠ ಮಾಡುವ ಇಂಟರ್ನ್‌ಶಿಪ್ ಇತ್ತಲ್ಲ, ಆಗಂತೂ ರಾತ್ರಿಯೆಲ್ಲ ಪಾಠಯೋಜನೆ, ಚಾರ್ಟು. ಒಂದು ಕಾದಂಬರಿ ಮುಟ್ಟಿರಲಿಲ್ಲ.

ಬಾಗಿಲು ಹಾಕುವ ಹೊತ್ತಾಗಿತ್ತು. ಮಳೆ ಬೇರೆ. ಕಪಾಟಿನ ಮುಂದೆ ನಿಂತರೆ ಯಾವುದು ತೆಗೆಯಲಿ ಅಂತಲೇ ತೋಚಲಿಲ್ಲ. ಓದುವ ಅಭ್ಯಾಸವೇ ತಪ್ಪಿಹೋಯಿತೇನೋ ಅನ್ನಿಸಿ ಕಣ್ಣು ತುಂಬಿತು.

ಕಿಟಕಿ ಮುಚ್ಚುತ್ತಿದ್ದ ಸಿಬ್ಬಂದಿಯೊಬ್ಬರು ನನ್ನನ್ನು ನೋಡಿದರು. ಆರಿಸಿದ್ದ ಟ್ಯೂಬ್‌ಲೈಟ್ ಮತ್ತೆ ಹಾಕಿದರು. "ಪರೀಕ್ಷೆ ಮುಗೀತಾ ಮೇಡಂ? ದಪ್ಪದ್ದು ಬೇಡ, ಮೊದಲು ಸಣ್ಣ ಕತೆ ಓದಿ" ಅಂತ ಮೇಲಿನ ಸಾಲಿನಿಂದ ತೆಳ್ಳಗಿನ ಕಥಾಸಂಕಲನವೊಂದನ್ನು ತೆಗೆದು, ಅಂಗಿಯ ತೋಳಲ್ಲೇ ಧೂಳು ಒರೆಸಿದರು. ಇಷ್ಟು ದಿನ ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ. ಸುಮ್ನೆ ಸೀಲ್ ಒತ್ತಿದರು. ಆಮೇಲೆ ತಮ್ಮ ಊಟದ ಡಬ್ಬಿಯ ಪ್ಲಾಸ್ಟಿಕ್ ಕವರ್ ಬಿಚ್ಚಿ, ಕೊಡವಿ, ಪುಸ್ತಕಕ್ಕೆ ಸುತ್ತಿಕೊಟ್ಟರು. "ನೆನೀಬಾರದು ಅಲ್ವಾ?"

ಆ ರಾತ್ರಿ ಮೂರು ಕತೆ ಓದಿದೆ. ಪಕ್ಕದಲ್ಲಿ ಪೆನ್ನಿಲ್ಲ, ಟಿಪ್ಪಣಿಯಿಲ್ಲ. ಎಷ್ಟು ಹಗುರಾಯಿತು ಗೊತ್ತಾ!

ಅಣ್ಣ, ನಿಮ್ಮ ಹೆಸರು ಕೇಳೋದು ಮರೆತೆ. ತುಂಬ ಥ್ಯಾಂಕ್ಸ್. ಕವರ್ ಒಣಗಿಸಿ ಮಡಚಿಟ್ಟಿದ್ದೇನೆ, ಪುಸ್ತಕದ ಜೊತೆ ತರುತ್ತೇನೆ.