‘ಫೀಸಿಬಿಲಿಟಿ’ ಎಂದರೆ ಬರಿಯ ಸಾಧ್ಯತೆಯಲ್ಲ

ಮಾನ್ಯ ಸಂಪಾದಕರೇ,

ನೀರಾವರಿ, ರೈಲು, ಸುರಂಗ ರಸ್ತೆಗಳ ಸುದ್ದಿಗಳಲ್ಲಿ ‘ಫೀಸಿಬಿಲಿಟಿ ರಿಪೋರ್ಟ್’ ಎಂಬುದನ್ನು ಪತ್ರಿಕೆಗಳು ಒಮ್ಮೆ ‘ಕಾರ್ಯಸಾಧ್ಯತಾ ವರದಿ’ ಎಂದೂ ಮತ್ತೊಮ್ಮೆ ‘ಸಾಧ್ಯತಾ ವರದಿ’ ಎಂದೂ ಬರೆಯುತ್ತವೆ. ಶೀರ್ಷಿಕೆಯಲ್ಲಿ ಜಾಗ ಉಳಿಸಲು ‘ಕಾರ್ಯ’ವನ್ನು ಕೈಬಿಡುತ್ತಾರೇನೋ, ಆದರೆ ಆ ಪದದ ಜೀವವಿರುವುದೇ ಅಲ್ಲಿ. ‘ಫೀಸಿಬಲ್’ ಎಂಬುದು ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು, ಅದರ ಮೂಲದಲ್ಲಿರುವುದು ‘ಮಾಡು’ ಎಂಬ ಅರ್ಥದ ಲ್ಯಾಟಿನ್ ಧಾತು. ಹಾಗಾಗಿ ಅದು ಕೇಳುವುದು ‘ಆಗಬಹುದೇ’ ಎಂದಲ್ಲ, ಇರುವ ಹಣ, ಕಾಲ, ಕಾನೂನುಗಳೊಳಗೆ ‘ಮಾಡಿ ಮುಗಿಸಬಹುದೇ’ ಎಂದು. ಇಂಗ್ಲಿಷ್ ಬಲ್ಲವರೂ ಇಲ್ಲಿ ಎಡವುತ್ತಾರೆ. ‘ನಾಳೆ ಮಳೆ ಬರುವುದು ಫೀಸಿಬಲ್’ ಎಂಬಂಥ ಪ್ರಯೋಗವನ್ನು ಆ ಭಾಷೆಯ ಬಳಕೆಯ ಕೈಪಿಡಿಗಳು ಬಹುಕಾಲದಿಂದ ತಿದ್ದುತ್ತ ಬಂದಿವೆ. ಮಳೆ ತಾನಾಗಿ ಬರುವಂಥದು, ಯಾರೋ ಮಾಡುವಂಥದಲ್ಲ. (ಮೋಡ ಬಿತ್ತನೆಯವರು ಕ್ಷಮಿಸಬೇಕು.)

2019ರಲ್ಲಿ ಲಿಂಗನಮಕ್ಕಿ ಜಲಾಶಯದಿಂದ ಬೆಂಗಳೂರಿಗೆ ಶರಾವತಿಯ ನೀರು ಒಯ್ಯುವ ಪ್ರಸ್ತಾವ ಎದ್ದು, ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿದ್ದನ್ನು ಓದುಗರು ಮರೆತಿರಲಾರರು. ‘ಇದು ಸಾಧ್ಯವೇ’ ಎಂದು ಕೇಳಿದರೆ ತಾಂತ್ರಿಕವಾಗಿ ಹೌದೆನ್ನಲೇಬೇಕು. ಸುಮಾರು 100 ಕಿ.ಮೀ. ದೂರದ ಕಾವೇರಿಯನ್ನು 500 ಮೀಟರ್‌ನಷ್ಟು ಮೇಲಕ್ಕೆತ್ತಿ ತಂದು ಆ ನಗರ 1974ರಿಂದ ಕುಡಿಯುತ್ತಲೇ ಇದೆಯಲ್ಲ! ಆದರೆ ಶರಾವತಿಯ ಹಾದಿ ಅದರ ಮೂರು ಪಟ್ಟಿಗೂ ಹೆಚ್ಚು. ಜಲಾಶಯದ ಪೂರ್ಣಮಟ್ಟ 1,819 ಅಡಿ, ಬೆಂಗಳೂರಿರುವುದು ಸುಮಾರು 3,000 ಅಡಿಯಲ್ಲಿ. ಪಂಪುಗಳು ತಿನ್ನುವ ವಿದ್ಯುತ್ತು, ಕೊಳವೆಗೆ ದಾರಿ ಬಿಡಬೇಕಾದ ಕಾಡು, ಅದೇ ನೀರನ್ನು ನಂಬಿದ ಶರಾವತಿ ವಿದ್ಯುದಾಗಾರ, ಇವೆಲ್ಲವನ್ನೂ ತೂಗಿದ ಮೇಲಷ್ಟೇ ಅದು ಕಾರ್ಯಸಾಧ್ಯವೋ ಅಲ್ಲವೋ ಎಂದು ಹೇಳಲು ಬರುತ್ತದೆ. ‘ಸಾಧ್ಯತಾ ವರದಿ ಸಿದ್ಧ’ ಎಂದು ಓದಿದವನಿಗೆ ಈ ತೂಕದ ಸುಳಿವೇ ಸಿಗುವುದಿಲ್ಲ. ಯೋಜನೆ ಬಂದೇಬಿಟ್ಟಿತೆಂದು ಅವನು ತಿಳಿದರೆ ತಪ್ಪು ಅವನದಲ್ಲ.

‘ವಯಬಲ್’ ಎಂಬುದನ್ನೂ ‘ಕಾರ್ಯಸಾಧ್ಯ’ ಎಂಬ ಪದಕ್ಕೇ ಕಟ್ಟಿಹಾಕುವ ರೂಢಿಯಿದೆ. ಅದರ ಬೇರಿರುವುದು ಫ್ರೆಂಚಿನ ‘ಬದುಕು’ ಎಂಬ ಪದದಲ್ಲಿ. ಕಟ್ಟಿದ್ದು ತನ್ನ ಕಾಲ ಮೇಲೆ ನಿಂತು ಬಾಳೀತೇ ಎಂಬುದು ಬೇರೆಯೇ ಪ್ರಶ್ನೆ.

ಸರ್ಕಾರಿ ಕಡತಗಳಲ್ಲಿ ‘ಕಾರ್ಯಸಾಧುವಲ್ಲ’ ಎಂಬ ಮಾತು ಹಿಂದಿನಿಂದಲೂ ಇದೆ, ಆಡುಮಾತಿನಲ್ಲಿ ‘ಕೈಗೂಡುವ ಕೆಲಸವಲ್ಲ’ ಎನ್ನುತ್ತೇವೆ. ಎರಡರಲ್ಲೂ ಮಾಡುವ ಕೈ ಕಾಣುತ್ತದೆ. ಪತ್ರಿಕೆಯು ಇವುಗಳಲ್ಲಿ ಯಾವುದನ್ನು ಆರಿಸಿಕೊಂಡರೂ ನನ್ನ ತಕರಾರಿಲ್ಲ; ‘ಸಾಧ್ಯತಾ ವರದಿ’ಯನ್ನು ಮಾತ್ರ ಕೈಬಿಡಬೇಕೆಂದು ವಿನಂತಿ.

– ನಿವೃತ್ತ ಅಧ್ಯಾಪಕ, ಸಾಗರ