ಭಾನುವಾರದ ಪದ ಹರಟೆ: ಒಂದೊಂದು ಪದ ತನ್ನಿ

ಎಲ್ಲರಿಗೂ ನಮಸ್ಕಾರ 🙏

ಈ ಭಾನುವಾರ ಬೆಳಿಗ್ಗೆ 10ಕ್ಕೆ ಗೂಗಲ್ ಮೀಟ್‌ನಲ್ಲಿ ಸೇರೋಣ. ಈ ಸಲದ ವಿಷಯ, ಒಂದಕ್ಕಿಂತ ಜಾಸ್ತಿ ಅರ್ಥ ಇರುವ ಇಂಗ್ಲಿಷ್ ಪದಗಳು ಎಲ್ಲಿಂದ ಬಂದವು ಅನ್ನೋದು.

ಮಿಂಟ್ ಅಂದರೆ ಪುದೀನ, ಟಂಕಸಾಲೆ ಕೂಡ ಹೌದು ಅಲ್ವಾ? ಎರಡಕ್ಕೂ ಸಂಬಂಧವೇ ಇಲ್ಲ! ಪುದೀನದ ಮಿಂಟ್ ಗ್ರೀಕ್‌ನಿಂದ ಲ್ಯಾಟಿನ್ ದಾಟಿ ಬಂದದ್ದು. ಟಂಕಸಾಲೆಯದು ಒಬ್ಬ ದೇವಿಯ ಹೆಸರಿನಿಂದ. ಹಳೆಯ ರೋಮ್‌ನ ಕ್ಯಾಪಿಟೋಲೈನ್ ಗುಡ್ಡದ ಮೇಲೆ ಜೂನೋ ಮೊನೆಟಾ ದೇವಿಯ ಗುಡಿ ಇತ್ತು. ನಾಣ್ಯ ಅಚ್ಚು ಹಾಕುತ್ತಿದ್ದದ್ದು ಅದರ ಹತ್ತಿರವೇ. 'ಮನಿ' ಕೂಡ ಅದೇ ಮೊನೆಟಾದಿಂದ ಬಂದ ಪದ. ಇದು ಗೊತ್ತಾದ ದಿನ ನನಗೆ ತುಂಬಾ ಖುಷಿಯಾಗಿತ್ತು.

ಕ್ರೇನ್ ಬೇರೆ ಥರ. ಉದ್ದ ಕತ್ತಿನ ಹಕ್ಕಿಯ ಹೆಸರೇ ಯಂತ್ರಕ್ಕೂ ಬಂತು.

ಎಲ್ಲರೂ ಒಂದೊಂದು ಪದ ಆರಿಸಿ, ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ತೆಗೆದುಕೊಳ್ಳಬೇಡಿ. ಮೂಲವನ್ನು ಒಳ್ಳೆಯ ನಿಘಂಟಿನಲ್ಲಿ ನೋಡಿಕೊಂಡೇ ಬನ್ನಿ, ಫಾರ್ವರ್ಡ್ ಕಥೆಗಳು ದಯವಿಟ್ಟು ಬೇಡ. ಒಬ್ಬೊಬ್ಬರಿಗೆ 5 ನಿಮಿಷ. ಮಕ್ಕಳನ್ನೂ ಕೂರಿಸಿಕೊಳ್ಳಿ.

ಬರುವವರು 👍 ಒತ್ತಿ. ಬರಲಾಗದವರೂ ಒಂದು ಮಾತು ತಿಳಿಸಿ. ಲಿಂಕ್ ಶನಿವಾರ ಹಾಕುತ್ತೇನೆ.