‘ಯಾವುದೇ ಲ್ಯಾಪ್‌ಟಾಪ್ ಸಾಕು’ ಅಂತ ಮಾರಿದ ಸಿಎನ್‌ಸಿ ರೂಟರ್ ಬಗ್ಗೆ ಒಂದು ದೂರು

ಸಾಗರ, ಶಿವಮೊಗ್ಗ ಜಿಲ್ಲೆ
ಜುಲೈ 14, 2025

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಮಾರ್ಚ್‌ನಲ್ಲಿ ಕೊಂಡ, ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ 6040 ಸಿಎನ್‌ಸಿ ರೂಟರ್, ಅದರ ತುರ್ತು ನಿಲುಗಡೆ ಗುಂಡಿ ಮತ್ತು ಜೊತೆಗೆ ಮಾರಿದ ಯುಎಸ್‌ಬಿ ಕೇಬಲ್ ಬಗ್ಗೆ

ಮಾನ್ಯರೇ,

ನಿಮ್ಮ ಜಾಹೀರಾತಿನ ಮಾತು ನನಗಿನ್ನೂ ಬಾಯಿಪಾಠ ಇದೆ: ‘ಯಾವುದೇ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಅರ್ಧ ಗಂಟೆಯಲ್ಲಿ ಕೆತ್ತನೆ ಶುರು ಮಾಡಿ.’ ಅದನ್ನು ನಂಬಿ 1,18,000 ರೂಪಾಯಿ ಕೊಟ್ಟೆ. ಯಂತ್ರ ಮಾರ್ಚ್ 11ಕ್ಕೆ ಮನೆಗೆ ಬಂತು. ಮೊದಲ ಸರಿಯಾದ ಕೆತ್ತನೆ ಆಗಿದ್ದು ಜೂನ್ 29ಕ್ಕೆ. ಅದೂ ನಿಮ್ಮ ಸಾಫ್ಟ್‌ವೇರ್, ನಿಮ್ಮ ಕೇಬಲ್, ನಿಮ್ಮ ಸೆಟ್ಟಿಂಗ್ ಮೂರನ್ನೂ ಬದಿಗಿಟ್ಟ ಮೇಲೆ.

ದುಡ್ಡಿನ ವಿಚಾರ ಆಮೇಲೆ ಬರೆಯುತ್ತೇನೆ. ಮೊದಲು ಕೆಂಪು ಗುಂಡಿ.

ಮೇ 23ರ ಸಂಜೆ. ಹಲಸಿನ ಹಲಗೆ ಬಿಗಿದು ಕೆಲಸಕ್ಕೆ ಬಿಟ್ಟಿದ್ದೆ. ಕೆತ್ತುವ ಬಿಟ್ಟನ್ನು ತಿರುಗಿಸುವ ಮೋಟಾರ್, ಅಂದರೆ ಸ್ಪಿಂಡಲ್, 18,000 ಆರ್‌ಪಿಎಂನಲ್ಲಿ ತಿರುಗುತ್ತಿತ್ತು. ಇದ್ದಕ್ಕಿದ್ದ ಹಾಗೆ ಕಂಪ್ಯೂಟರ್ ಹ್ಯಾಂಗ್ ಆಯಿತು. ಮೌಸ್ ಅಲ್ಲಾಡಿಸಿದರೆ ಬಾಣ ಕದಲುತ್ತಿಲ್ಲ. ಅದನ್ನು ಆಚೀಚೆ, ಮೇಲೆ ಕೆಳಗೆ ಓಡಿಸುವ ಮೂರೂ ಆಕ್ಸಿಸ್ ನಿಂತವು. ಸ್ಪಿಂಡಲ್ ಮಾತ್ರ ನಿಲ್ಲಲಿಲ್ಲ. ಮರದೊಳಗೆ ಎಂಟು ಮಿಲಿಮೀಟರ್ ಇಳಿದಿದ್ದ ಬಿಟ್ ಅಲ್ಲೇ ಗಿರಗಿರ ತಿರುಗುತ್ತಾ ಮರ ಸುಡತೊಡಗಿತು. ಮೊದಲು ವಾಸನೆ, ಹಿಂದೆಯೇ ಹೊಗೆ. ಕೆಂಪು ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಅಂಗೈಯಿಂದ ಗುದ್ದಿದೆ. ಊಹೂಂ. ಕೊನೆಗೆ ಓಡಿ ಹೋಗಿ ಗೋಡೆಯ ಮೇನ್ ಸ್ವಿಚ್ ಆಫ್ ಮಾಡಿದೆ. ಯಂತ್ರದ ಕಾಲಬುಡದಲ್ಲಿ ಒಂದು ಬುಟ್ಟಿ ಒಣ ಮರದ ಪುಡಿ ಇತ್ತು. ಬೆಂಕಿ ಹತ್ತಲಿಲ್ಲ, ನನ್ನ ಪುಣ್ಯ.

ಮಾರನೇ ದಿನ ಕಂಟ್ರೋಲ್ ಬಾಕ್ಸ್ ಬಿಚ್ಚಿದೆ. ಆ ದಪ್ಪ ಗುಂಡಿಯಿಂದ ಹೊರಟಿರುವುದು ಎರಡೇ ಎರಡು ತೆಳು ವೈರ್. ಅವು ಹೋಗಿರುವುದು ಕಂಪ್ಯೂಟರಿಗೆ ಜೋಡಿಸುವ ಹಳೇ ಕಾಲದ ಪ್ಯಾರಲಲ್ ಪೋರ್ಟಿನ 10ನೇ ಪಿನ್ನಿಗೆ. ಅಂದರೆ ಗುಂಡಿ ಒತ್ತಿದರೆ ಕರೆಂಟ್ ಕಡಿಯುವುದಿಲ್ಲ. ‘ದಯವಿಟ್ಟು ನಿಲ್ಲಿಸಪ್ಪಾ’ ಅಂತ ಕಂಪ್ಯೂಟರಿಗೆ ಒಂದು ಅರ್ಜಿ ಹೋಗುತ್ತದೆ, ಅಷ್ಟೇ. ಅವತ್ತು ಅರ್ಜಿ ನೋಡಬೇಕಾದವನೇ ಮೂರ್ಛೆ ಹೋಗಿದ್ದ. ಸ್ಪಿಂಡಲಿನ ಸ್ವಿಚ್ಚಾದ ರಿಲೇಗೆ ಹೋಗುವ ಪಿನ್ನು ಹ್ಯಾಂಗ್ ಆದಾಗ ಆನ್ ಇತ್ತು, ಹಾಗಾಗಿ ಆನ್ ಆಗಿಯೇ ಉಳಿಯಿತು.

ನಾನು ಅಡಿಕೆ ಬೆಳೆಗಾರ. ನಮ್ಮ ತೋಟದ ಪಂಪ್‌ಸೆಟ್ ಸ್ಟಾರ್ಟರಿನಲ್ಲೂ ಒಂದು ಕೆಂಪು ಗುಂಡಿ ಇದೆ. ಅದು ಯಾರ ಅಪ್ಪಣೆಗೂ ಕಾಯುವುದಿಲ್ಲ. ಒತ್ತಿದ ಕೂಡಲೇ ಕಾಯಿಲ್‌ಗೆ ಕರೆಂಟ್ ಹೋಗುವುದು ನಿಲ್ಲುತ್ತದೆ, ಕರೆಂಟ್ ಹಾಯಿಸುವ ಕಾಂಟ್ಯಾಕ್ಟರ್ ಸ್ವಿಚ್ ಟಪ್ ಅಂತ ಬಿಡುತ್ತದೆ, ಮೋಟಾರ್ ನಿಲ್ಲುತ್ತದೆ. ಹಳ್ಳಿ ಪಂಪಿಗೆ ಇರುವ ಈ ಏರ್ಪಾಡು ಲಕ್ಷದ ಯಂತ್ರಕ್ಕೆ ಯಾಕಿಲ್ಲ? ಕಂಪ್ಯೂಟರ್ ಕೈಗೆ ಯಂತ್ರ ಕೊಡುವವರು ಅದು ಹ್ಯಾಂಗ್ ಆಗುತ್ತದೆ ಅಂತ ಗೊತ್ತಿದ್ದೇ ಕೊಡಬೇಕು, ಅಲ್ವಾ? ಅದಕ್ಕೇ ಅಂತ ಚಾರ್ಜ್ ಪಂಪ್ ಅನ್ನುವ ಉಪಾಯವೂ ಇದೆ. ಸಾಫ್ಟ್‌ವೇರ್ ಬದುಕಿರುವ ತನಕ ಒಂದು ಪಿನ್ನಿನಲ್ಲಿ ನಾಡಿಯ ಹಾಗೆ ಮಿಡಿತ ಕಳಿಸುತ್ತಿರುತ್ತದೆ. ಯಂತ್ರ ಓಡಿಸಲು ನೀವು ಕೊಟ್ಟ ಮ್ಯಾಕ್ 3 ಸಾಫ್ಟ್‌ವೇರಿನಲ್ಲೇ ಆ ಸೌಲಭ್ಯ ಇದೆ. ಮಿಡಿತ ನಿಂತರೆ ಬೋರ್ಡೇ ಎಲ್ಲ ಔಟ್‌ಪುಟ್ ಆಫ್ ಮಾಡಬೇಕು. ನಿಮ್ಮ ಬೋರ್ಡಿನಲ್ಲಿ ಅದನ್ನು ಕೇಳಿಸಿಕೊಳ್ಳುವ ಸರ್ಕ್ಯೂಟೇ ಇಲ್ಲ.

ಇದನ್ನೆಲ್ಲ ಫೋನಿನಲ್ಲಿ ವಿವರಿಸಿದಾಗ ನಿಮ್ಮ ಸಪೋರ್ಟ್ ಹುಡುಗ ಹೇಳಿದ್ದು: ‘ಹ್ಯಾಂಗ್ ಆಗದೇ ಇರೋ ಕಂಪ್ಯೂಟರ್ ತಗೊಳ್ಳಿ ಸರ್.’

ಇನ್ನು ಶುರುವಿನಿಂದ ಹೇಳುತ್ತೇನೆ. ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆ. ಕೊಟ್ಟಿಗೆಯ ಒಂದು ಮೂಲೆ ಖಾಲಿ ಇತ್ತು. ಅಜ್ಜ ನೆಟ್ಟ ಹಲಸಿನ ಮರ ಗಾಳಿಗೆ ಬಿದ್ದಿತ್ತು, ಕೊಯ್ಸಿ ಮೂರು ವರ್ಷ ಒಣಗಿಸಿದ ಹಲಗೆಗಳಿದ್ದವು. ಅಮ್ಮನ ಹಳೇ ಅಳಿಗುಳಿ ಮಣೆಗೆ ಗೆದ್ದಲು ಹಿಡಿದಿತ್ತು. ಅದೇ ಅಳತೆಗೆ ಹೊಸದು ಮಾಡೋಣ, ಆಮೇಲೆ ನೆಂಟರಿಷ್ಟರಿಗೂ ನಾಲ್ಕು ಮಾಡಿ ಕೊಡೋಣ ಅನ್ನುವ ಆಸೆ. ಇಷ್ಟೇ ನನ್ನ ಉದ್ಯಮ.

ನಿಮ್ಮ ಕಂಟ್ರೋಲ್ ಬಾಕ್ಸಿಗಿರುವುದು 25 ಪಿನ್ನಿನ ಪ್ಯಾರಲಲ್ ಪೋರ್ಟ್. ನನ್ನದು ವಿಂಡೋಸ್ 11 ಲ್ಯಾಪ್‌ಟಾಪ್. ಆರ್ಡರ್ ಮಾಡುವಾಗಲೇ ಕೇಳಿದ್ದೆ, ಇದರಲ್ಲಿ ಆ ಪೋರ್ಟ್ ಇಲ್ವಲ್ಲ ಅಂತ. ‘ಯುಎಸ್‌ಬಿ ಟು ಪ್ಯಾರಲಲ್ ಕೇಬಲ್ ಕೊಡ್ತೀವಿ ಸರ್, ಏನೂ ತೊಂದರೆ ಇಲ್ಲ’ ಅಂದಿರಿ. ಅದಕ್ಕೆ ಬೇರೆ 1,450 ರೂಪಾಯಿ. ಸಿಕ್ಕಿಸಿದೆ. ಮೋಟಾರುಗಳು ಗುಂಯ್ ಅಂತ ಬಿಗಿಯಾಗಿ ನಿಂತವು, ಒಂದು ಕೂದಲೆಳೆಯೂ ಜರುಗಲಿಲ್ಲ. ಡಿವೈಸ್ ಮ್ಯಾನೇಜರ್ ತೆಗೆದು ನೋಡಿದರೆ ಆ ಕೇಬಲ್ ‘ಯುಎಸ್‌ಬಿ ಪ್ರಿಂಟಿಂಗ್ ಸಪೋರ್ಟ್’ ಅಂತ ಕೂತಿತ್ತು. ನನ್ನ ಲ್ಯಾಪ್‌ಟಾಪ್ ಪಾಲಿಗೆ ನಿಮ್ಮ ಯಂತ್ರ ಒಂದು ಹಳೇ ಪ್ರಿಂಟರ್!

ಆ ಕೇಬಲ್ ಮಾಡಿರುವುದೇ ಪ್ರಿಂಟರಿಗೆ. ಪ್ರಿಂಟರಿಗೆ ಅಕ್ಷರ ಸ್ವಲ್ಪ ತಡವಾಗಿ ಬಂದರೂ ನಡೆಯುತ್ತದೆ. ಒಂದೊಂದು ಪಲ್ಸಿಗೂ ಒಂದೊಂದು ಹೆಜ್ಜೆ ತಿರುಗುವ ಸ್ಟೆಪ್ಪರ್ ಮೋಟಾರ್ ಹಾಗಲ್ಲ. ನಿಮ್ಮದೇ ಲೆಕ್ಕ ತೆಗೆದುಕೊಳ್ಳಿ. ಮೋಟಾರಿಗೆ ಸುತ್ತಿಗೆ 200 ಸ್ಟೆಪ್, ಮೋಟಾರಿಗೆ ಕರೆಂಟ್ ಕೊಡುವ ಡ್ರೈವರ್ ಬೋರ್ಡಿನಲ್ಲಿ ಒಂದೊಂದು ಸ್ಟೆಪ್ಪಿಗೂ 8 ಮೈಕ್ರೋಸ್ಟೆಪ್, ಒಟ್ಟು 1600 ಪಲ್ಸ್. ಯಂತ್ರ ಜರುಗಿಸುವ ತಿರುಪು, ಅಂದರೆ ಬಾಲ್ ಸ್ಕ್ರೂ, ಒಂದು ಸುತ್ತಿಗೆ 5 ಮಿಲಿಮೀಟರ್ ತಳ್ಳುತ್ತದೆ. ಮಿಲಿಮೀಟರಿಗೆ 320 ಪಲ್ಸ್ ಆಯಿತು. ನಿಮಿಷಕ್ಕೆ 3000 ಮಿಲಿಮೀಟರ್ ಓಡಬೇಕಾದರೆ ಸೆಕೆಂಡಿಗೆ 16,000 ಪಲ್ಸ್ ಬೇಕು, ಒಂದಕ್ಕೂ ಇನ್ನೊಂದಕ್ಕೂ ನಡುವೆ 62.5 ಮೈಕ್ರೋಸೆಕೆಂಡ್. ಅದೂ ತಾಳ ತಪ್ಪದ ಹಾಗೆ. ಪ್ಯಾರಲಲ್ ಪೋರ್ಟಿನಲ್ಲಿ ಕಂಪ್ಯೂಟರೇ ಕೂತು ಒಂದೊಂದು ಪಲ್ಸನ್ನೂ ಹೊಡೆಯುತ್ತದೆ. ಯುಎಸ್‌ಬಿ ಸರಕನ್ನು ಮೂಟೆ ಕಟ್ಟಿ ಕಳಿಸುವ ದಾರಿ. ಮಣಿ ಪೋಣಿಸುವ ಕೆಲಸಕ್ಕೆ ನೀವು ನನಗೆ ಲಾರಿ ಮಾರಿದಿರಿ.

ಇನ್ನೊಂದು ವಿಷಯ. ಮ್ಯಾಕ್ 3ರ ಪ್ಯಾರಲಲ್ ಪೋರ್ಟ್ ಡ್ರೈವರ್ ನಡೆಯುವುದು 32 ಬಿಟ್ ವಿಂಡೋಸಿನಲ್ಲಿ ಮಾತ್ರ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಅಲ್ಲಿಗೆ ನೀವು ಕೊಟ್ಟ ಕೇಬಲ್, ನೀವು ಕೊಟ್ಟ ಡ್ರೈವರ್ ಹಿಡಿದು ನನ್ನ ಲ್ಯಾಪ್‌ಟಾಪಿನಲ್ಲಿ ಈ ಯಂತ್ರ ಓಡುವ ದಾರಿಯೇ ಇರಲಿಲ್ಲ. ಇದು ನಿಮ್ಮ ಅಂಗಡಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ ಅಂದರೆ ನಂಬೋದು ಕಷ್ಟ. ಆದರೂ ನಿಮ್ಮವರು ಐದು ದಿನ ರಿಮೋಟಿನಲ್ಲಿ ನನ್ನ ಲ್ಯಾಪ್‌ಟಾಪ್ ಹಿಡಿದು ಡ್ರೈವರ್ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಎಂಟನೇ ದಿನ ಯಂತ್ರ ವಾಪಸ್ ಮಾಡ್ತೀನಿ ಅಂದೆ. ‘ಏಳು ದಿನದ ರಿಟರ್ನ್ ಅವಧಿ ಮುಗಿದಿದೆ’ ಅಂತ ಉತ್ತರ ಬಂತು. ಆ ಏಳು ದಿನ ತಿಂದವರು ಯಾರು?

ಕೊನೆಗೆ ನಿಮ್ಮವರೇ ‘ಹಳೇ ಡೆಸ್ಕ್‌ಟಾಪ್ ತಗೊಳ್ಳಿ’ ಅಂದರು. ಇದೇ ಮಾತು ಜಾಹೀರಾತಿನಲ್ಲಿ ಇದ್ದಿದ್ದರೆ ಸುಮ್ನೆ ಬೆಂಗಳೂರಿಗೆ ಒಂದು ರಾತ್ರಿ ಬಸ್ಸು ಉಳಿಯುತ್ತಿತ್ತು, ಅಥವಾ ನಾನು ಬೇರೆ ಯಂತ್ರವನ್ನೇ ನೋಡುತ್ತಿದ್ದೆ. ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಸುತ್ತಾಡಿ ಬೋರ್ಡಿನ ಮೇಲೇ ಪ್ಯಾರಲಲ್ ಪೋರ್ಟ್ ಇರುವ ಒಂದು ಕೋರ್ 2 ಡ್ಯುಯೋ ಡಬ್ಬ ಹುಡುಕಿದೆ. 6,500 ರೂಪಾಯಿ. 32 ಬಿಟ್ ವಿಂಡೋಸ್ 7 ಹಾಕಿಸಿದೆ. ಯಂತ್ರ ಮೊದಲ ಸಲ ಓಡಿತು. ಅವತ್ತು ಖುಷಿಯಾಗಿದ್ದು ಸುಳ್ಳಲ್ಲ.

ಆ ಖುಷಿ ಮೊದಲ ಮಣೆಯ ತನಕ. ಅಳಿಗುಳಿ ಮಣೆ ಅಂದರೆ ಏಳರ ಎರಡು ಸಾಲು, ಹದಿನಾಲ್ಕು ಗುಳಿ. ಮೇಲಿನ ಸಾಲನ್ನು ಎಡದಿಂದ ಬಲಕ್ಕೆ ಕೆತ್ತಿ, ಕೆಳಗಿನದನ್ನು ಬಲದಿಂದ ಎಡಕ್ಕೆ ಬರುವ ಹಾಗೆ ಪ್ರೋಗ್ರಾಂ ಬರೆದಿದ್ದೆ. ಹಾಗಾಗಿ ಹದಿನಾಲ್ಕನೇ ಗುಳಿ ಮೊದಲ ಗುಳಿಯ ಎದುರಿಗೇ ಬಂದು ಕೂರಬೇಕು. ಕೂರಲಿಲ್ಲ. ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಬಲಕ್ಕೆ ಜರುಗಿತ್ತು. ಪ್ರತಿ ಗುಳಿಯೂ ಹಿಂದಿನದಕ್ಕಿಂತ ಮುಕ್ಕಾಲು ಮಿಲಿಮೀಟರ್ ಆಚೆ. ಮೂರು ವರ್ಷ ಒಣಗಿಸಿದ ಹಲಗೆ ಈಗ ಮಣೆಯೂ ಅಲ್ಲ, ಸೌದೆಯೂ ಅಲ್ಲ.

‘ಕಂಪ್ಯೂಟರ್ ಪ್ರಾಬ್ಲಂ, ಸ್ಪೀಡ್ ಕಡಿಮೆ ಮಾಡಿ’ ಅಂದರು ನಿಮ್ಮವರು. ಅರ್ಧ ಮಾಡಿದೆ. ಎರಡನೇ ಹಲಗೆಯೂ ಅಷ್ಟೇ ಜರುಗಿತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅಲ್ಲಿ ನನಗೆ ಅನುಮಾನ ಬಂತು. ಮೋಟಾರಿಗೆ ಶಕ್ತಿ ಸಾಲದೆ ಸ್ಟೆಪ್ ತಪ್ಪುತ್ತಿದ್ದರೆ ನಿಧಾನ ಮಾಡಿದಾಗ ತಪ್ಪು ಕಡಿಮೆ ಆಗಬೇಕಿತ್ತಲ್ಲ.

ಈ ಹೊತ್ತಿಗೆ ವಿಂಡೋಸ್ ಸಾಕಾಗಿತ್ತು. ಕೆಂಪು ಗುಂಡಿಯ ಪ್ರಸಂಗವೂ ಆಗಿ ಹೋಗಿತ್ತು. ಲಿನಕ್ಸ್‌ಸಿಎನ್‌ಸಿ ಹಾಕಿದೆ. ಇದೂ ಯಂತ್ರ ಓಡಿಸುವ ಸಾಫ್ಟ್‌ವೇರ್. ಅಮೆರಿಕದ ಅಳತೆ-ಮಾನದಂಡಗಳ ಸಂಸ್ಥೆ ನಿಸ್ಟ್ 1990ರ ದಶಕದಲ್ಲಿ ಮಾಮೂಲಿ ಪಿಸಿಯಿಂದ ಯಂತ್ರ ಓಡಿಸೋಕೆ ಅಂತ ಶುರು ಮಾಡಿದ ಕೆಲಸವೇ ಬೆಳೆದು ಇದಾಗಿದೆ. ಪುಕ್ಕಟೆ ಸಿಗುತ್ತದೆ. ಇದರಲ್ಲಿ ಲೇಟೆನ್ಸಿ ಟೆಸ್ಟ್ ಅಂತ ಇದೆ. ಸರಿಯಾದ ಹೊತ್ತಿಗೆ ಆಗಬೇಕಾದ ಕೆಲಸ ಎಷ್ಟು ಆಚೀಚೆ ಆಗುತ್ತದೆ ಅಂತ ಅಳೆದು ತೋರಿಸುತ್ತದೆ. ನನ್ನ ಡಬ್ಬದಲ್ಲಿ ಮೊದಲು 190 ಮೈಕ್ರೋಸೆಕೆಂಡ್ ಬಂತು. ಬಯೋಸ್‌ಗೆ (ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಜಾಗ) ಹೋಗಿ ಕರೆಂಟ್ ಉಳಿಸುವ ಸಿ-ಸ್ಟೇಟ್, ಸ್ಪೀಡ್‌ಸ್ಟೆಪ್ ಎರಡನ್ನೂ ಆಫ್ ಮಾಡಿದೆ. 14ಕ್ಕೆ ಇಳಿಯಿತು. ಅಲ್ಲಿಗೆ ನಿಮ್ಮ ‘ಕಂಪ್ಯೂಟರ್ ಪ್ರಾಬ್ಲಂ’ ಅರ್ಧ ನಿಜ ಅಂತ ಒಪ್ಪುತ್ತೇನೆ. ಆದರೆ ಬಯೋಸಿನ ವಿಷಯ ಹೇಳಿದವರು ನೀವಲ್ಲ.

ಇನ್ನರ್ಧ ನಿಮ್ಮ ಡ್ರೈವರ್ ಬೋರ್ಡಿನಲ್ಲಿತ್ತು. ಸ್ಪಿಂಡಲಿಗೆ ಪೆನ್ಸಿಲ್ ಕಡ್ಡಿ ಕಟ್ಟಿ, ಹಾಳೆಯ ಮೇಲೆ ಒಂದು ಚುಕ್ಕಿ ಇಡಿಸಿ, ಎಕ್ಸ್ ಆಕ್ಸಿಸನ್ನು 1000 ಸಲ ಹಿಂದೆ ಮುಂದೆ ಓಡಿಸಿ, ಅದೇ ಜಾಗಕ್ಕೆ ಕರೆದು ಇನ್ನೊಂದು ಚುಕ್ಕಿ ಇಡಿಸಿದೆ. ಎರಡು ಚುಕ್ಕಿಗಳ ನಡುವೆ ಮೂರು ಮಿಲಿಮೀಟರ್ ಚಿಲ್ಲರೆ. 1000ವನ್ನು 320ರಿಂದ ಭಾಗಿಸಿ ನೋಡಿ, ಅಷ್ಟೇ ಬರುತ್ತದೆ. ಒಂದು ಸಲ ಹೋಗಿ ಬಂದರೆ ಒಂದು ಸ್ಟೆಪ್ ಕಳೆಯುತ್ತಿತ್ತು. ನನ್ನ ಒಂದೊಂದು ಗುಳಿಗೆ ಬಿಟ್ ಸುಮಾರು 240 ಸಲ ಹೋಗಿ ಬರುತ್ತದೆ. ಮುಕ್ಕಾಲು ಮಿಲಿಮೀಟರಿನ ಲೆಕ್ಕ ಅಲ್ಲೇ ಸಿಕ್ಕಿತು.

ಕಾರಣ ಇಷ್ಟೇ. ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸುವ ಬಿಡಿಭಾಗ, ಬೋರ್ಡಿನ ಆಪ್ಟೋಕಪ್ಲರ್, ನಿಧಾನದ್ದು. ಆನ್ ಆಗುವುದು ಬೇಗ, ಆಫ್ ಆಗುವುದು ತಡ. ಹಾಗಾಗಿ ‘ದಿಕ್ಕು ಬದಲಿಸು’ ಅನ್ನುವ ಸಿಗ್ನಲ್ ಒಂದು ಕಡೆಗೆ ತಿರುಗುವಾಗ ಹೊತ್ತಿಗೆ ಸರಿಯಾಗಿ ತಲುಪುತ್ತದೆ, ಇನ್ನೊಂದು ಕಡೆಗೆ ತಿರುಗುವಾಗ ತಡವಾಗುತ್ತದೆ, ಅಷ್ಟರಲ್ಲಿ ಬಂದ ಒಂದು ಪಲ್ಸ್ ವ್ಯರ್ಥವಾಗಿರುತ್ತದೆ. ಸೆಟ್ಟಿಂಗಿನಲ್ಲಿ ಡೈರೆಕ್ಷನ್ ಸೆಟಪ್ ಅನ್ನುವ ಸಮಯ, ಅಂದರೆ ದಿಕ್ಕು ಬದಲಿಸಿದ ಮೇಲೆ ಪಲ್ಸ್ ಹೊಡೆಯಲು ಕಾಯುವ ಹೊತ್ತು, ಹೆಚ್ಚಿಸಿದೆ. ಮತ್ತೆ 1000 ಸಲ ಓಡಿಸಿದೆ. ಚುಕ್ಕಿಯ ಮೇಲೆ ಚುಕ್ಕಿ ಬಂತು. ಒಂದೇ ಒಂದು ಅಂಕಿ! ಬೋರ್ಡಿನ ಜೊತೆ ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದರೆ ಎರಡು ಹಲಗೆ ಉಳಿಯುತ್ತಿದ್ದವು. ನಾನು ನಾಲ್ಕು ಸಲ ಬೋರ್ಡಿನ ಟೈಮಿಂಗ್ ವಿವರ ಕೇಳಿ ಮೇಲ್ ಮಾಡಿದ್ದೇನೆ. ನಾಲ್ಕಕ್ಕೂ ಬಂದಿದ್ದು ಯಂತ್ರದ ಬಣ್ಣದ ಬ್ರೋಷರ್.

ಸಾಫ್ಟ್‌ವೇರ್ ಬಗ್ಗೆ ಎರಡೇ ಮಾತು. ಬಿಲ್ಲಿನಲ್ಲಿ ‘ಲೈಸೆನ್ಸ್ ಸಹಿತ’ ಅಂತಿದೆ. ಪೆನ್‌ಡ್ರೈವಿನಲ್ಲಿದ್ದ ಲೈಸೆನ್ಸ್ ಫೈಲ್ ಯಾರೋ ಹೊರದೇಶದವರ ಹೆಸರಿನಲ್ಲಿದೆ. ಆಂಟಿವೈರಸ್ ಬೊಬ್ಬೆ ಹೊಡೆದಾಗ ‘ಅದನ್ನ ಆಫ್ ಮಾಡಿ ಸರ್’ ಅಂದವರು ನಿಮ್ಮವರೇ. ಕದ್ದ ಮಾಲು ನನ್ನ ತಲೆಗೆ ಕಟ್ಟಿದ್ದೀರಿ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗಿ ಹಾಳಾದ ಕೆಲಸಗಳೂ ಇವೆ. ಅದು ನಿಮ್ಮ ತಪ್ಪಲ್ಲ, ಇದರಲ್ಲಿ ಸೇರಿಸಿಲ್ಲ. ಯಂತ್ರದ ಚೌಕಟ್ಟು, ಬಾಲ್ ಸ್ಕ್ರೂ ಚೆನ್ನಾಗಿವೆ, ಅದನ್ನೂ ಹೇಳಬೇಕು. ಅದಕ್ಕೇ ಯಂತ್ರ ವಾಪಸ್ ತಗೊಳ್ಳಿ ಅನ್ನುತ್ತಿಲ್ಲ.

ನನಗೆ ಬೇಕಿರುವುದು ಇಷ್ಟು. ಕೆಂಪು ಗುಂಡಿ ಒತ್ತಿದರೆ ಸ್ಪಿಂಡಲ್ ಮತ್ತು ಮೋಟಾರ್ ಡ್ರೈವರುಗಳ ಕರೆಂಟ್ ನೇರವಾಗಿ ಕಡಿಯುವಂತೆ ಕಾಂಟ್ಯಾಕ್ಟರ್ ಹಾಕಿ ಕೊಡಿ. ಇದೇ ಬಾಕ್ಸ್ ಕೊಂಡ ಬೇರೆಯವರಿಗೂ ಈ ದೋಷ ತಿಳಿಸಿ, ಅವರ ಮನೆಯಲ್ಲೂ ಮರದ ಪುಡಿ ಇರುತ್ತದೆ. ಪಲ್ಸ್ ತಾನೇ ಹೊಡೆಯುವ ಕಂಟ್ರೋಲರ್ ಬೋರ್ಡ್ ಬದಲಿಸಿ ಕೊಡಿ. ಇದೇನು ದೊಡ್ಡ ಬೇಡಿಕೆ ಅಲ್ಲ. 2009ರಿಂದಲೂ ಇರುವ ಜಿಆರ್‌ಬಿಎಲ್ ಅನ್ನುವ ಪುಟ್ಟ ಸಾಫ್ಟ್‌ವೇರ್ ಒಂದು ಅಂಗೈಯಗಲದ ಆರ್ಡುಯಿನೊ ಬೋರ್ಡಿನಲ್ಲಿ ಓಡುತ್ತದೆ. ಅದರಲ್ಲಿ ಕಂಪ್ಯೂಟರ್ ಯುಎಸ್‌ಬಿಯಲ್ಲಿ ಸಾಲು ಓದಿ ಹೇಳಿದರೆ ಸಾಕು, ತಾಳ ಹಾಕುವುದು ಬೋರ್ಡ್. ಅಂಥದ್ದಿದ್ದರೆ ‘ಯಾವುದೇ ಲ್ಯಾಪ್‌ಟಾಪ್’ ಅನ್ನುವ ಮಾತೂ ನಿಜವಾಗುತ್ತದೆ. ಬೋರ್ಡ್ ಬದಲಿಸುವ ತನಕ ಆ ಸಾಲನ್ನು ಜಾಹೀರಾತಿನಿಂದ ತೆಗೆಯಿರಿ. ಕೇಬಲ್ಲಿನ 1,450, ಡೆಸ್ಕ್‌ಟಾಪಿನ 6,500, ಒಟ್ಟು 7,950 ರೂಪಾಯಿ ವಾಪಸ್ ಕೊಡಿ. ಬಿಲ್ಲಿನಲ್ಲಿ ಬರೆದ ಲೈಸೆನ್ಸನ್ನು ನನ್ನ ಹೆಸರಿಗೆ ಕೊಡಿ, ಇಲ್ಲವೇ ಅದರ ಬೆಲೆ ಕಳೆಯಿರಿ. ಹಲಗೆಗಳಿಗೆ ಬೆಲೆ ಕಟ್ಟುವುದು ನನಗೂ ಗೊತ್ತಿಲ್ಲ, ಕೇಳುತ್ತಿಲ್ಲ.

ಈ ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಬೇಕು. ಫೋನಿನ ‘ನೋಡ್ತೀವಿ ಸರ್’ ಸಾಲದು. ಬಾರದಿದ್ದರೆ 1915 ನಂಬರಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡುತ್ತೇನೆ. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದ ಒಳಗಿನ ಖರೀದಿಗೆ ಅಲ್ಲಿ ಶುಲ್ಕವೂ ಇಲ್ಲ.

ಬಿಲ್, ಮೇಲ್‌ಗಳ ಪ್ರತಿ, ಕಂಟ್ರೋಲ್ ಬಾಕ್ಸಿನೊಳಗಿನ ವೈರಿಂಗ್ ಫೋಟೊ, ಪೆನ್ಸಿಲ್ ಚುಕ್ಕಿಯ ಎರಡೂ ಹಾಳೆ ಇದರ ಜೊತೆ ಇವೆ. ಸುಟ್ಟ ಹಲಗೆಯನ್ನು ಒಗೆದಿಲ್ಲ, ಯಂತ್ರದ ಪಕ್ಕದಲ್ಲೇ ಇಟ್ಟಿದ್ದೇನೆ. ನಿಮ್ಮ ಟೆಕ್ನಿಷಿಯನ್ ಬರುವುದಾದರೆ ಹಿಂದಿನ ದಿನ ಫೋನ್ ಮಾಡಲಿ. ಮಳೆ ಜೋರಿದ್ದರೆ ನಮ್ಮ ಮನೆ ದಾರಿಗೆ ಕಾರು ಬರುವುದಿಲ್ಲ, ನಾನೇ ಜೀಪ್ ತರುತ್ತೇನೆ.

ಇತಿ,
ನಿಮ್ಮ ಗ್ರಾಹಕ